ಕೊನೆಯ ಹಲಗೆ

ಬೆಳಿಗ್ಗೆ ಏಳೂವರೆಗೆ ಮಸ್ಕಿಯ ಹೊಸ ವಾಚನಾಲಯದ ಮುಂಗೋಡೆಯಲ್ಲಿ, ಕಾಂಕ್ರೀಟ್ ಗಟ್ಟಿಯಾಗುವ ತನಕ ಹಿಡಿದಿಡಲು ಕಟ್ಟಿದ್ದ ಹಲಗೆಗಳಲ್ಲಿ ಒಂದೇ ಬಿಚ್ಚುವುದು ಬಾಕಿ ಇತ್ತು. ಕಾಂಕ್ರೀಟ್ ಸುರಿಯುವಾಗ ಕರೆಂಟು ಹೋಗಿ, ಅದನ್ನು ಅದುರಿಸಿ ಸಂದಿಲ್ಲದಂತೆ ಕೂರಿಸುವ ವೈಬ್ರೇಟರ್ ನಿಂತದ್ದು ಅದೇ ಜಾಗದಲ್ಲಿ. ಅಲ್ಲಿ ತೂತು ಬಿದ್ದಿದ್ದರೆ ಇಡೀ ಗೋಡೆಗೆ ಸಿಮೆಂಟ್ ಗಿಲಾವು ಮಾಡಿಸುವುದೆಂದು ಕಟ್ಟಿಸುತ್ತಿದ್ದ ಅಮರಗುಂಡಪ್ಪ ಹೇಳಿಬಿಟ್ಟಿದ್ದರು. ಕಾಂಕ್ರೀಟನ್ನು ಮುಚ್ಚದೆ ಹಾಗೆಯೇ ಕಾಣಲು ಬಿಡುವ ಈ ಕಟ್ಟಡ, ನಕ್ಷೆ ಬರೆದ ರಾಜಶ್ರೀಯ ಮೊದಲ ಕೆಲಸ. ಗಿಲಾವು ಬಿದ್ದರೆ ಅದು ಊರಿನ ಇನ್ನೊಂದು ಗೋದಾಮು.

“ಗಿಲಾವಿಲ್ಲದ ಗೋಡಿ ಅಂದ್ರ ಅಂಗಿ ಇಲ್ಲದ ಮದುಮಗ ಇದ್ದಂಗ ನೋಡವ್ವಾ,” ಎಂದರು ಅಮರಗುಂಡಪ್ಪ. ಸಿಮೆಂಟ್ ಚೀಲಗಳು, ಜರಡಿ ಹಿಡಿದ ಮರಳು ಅವರ ಹಿಂದೆ ಸಿದ್ಧವಾಗಿದ್ದವು.

“ಮೈಕಟ್ಟು ಛಲೋ ಇದ್ರ ಅಂಗಿ ಯಾಕ್ರೀ ಸಾವ್ಕಾರ್ರ?” ಎಂದ ಮೇಸ್ತ್ರಿ ದುರುಗೇಶ. “ಕರೆಂಟ್ ಹೋದ ಮ್ಯಾಲೆ ಕಾಂಕ್ರೀಟ್ ಕುಂದ್ರಲಿ ಅಂತ ನಾವೆಲ್ಲಾ ಕಟಗಿ ಕೊಡತಿ ತಗೊಂಡು ಹಲಗಿ ಬಡದೇವಿ.”

ರಾಜಶ್ರೀ ನಗಲಿಲ್ಲ. “ಸಾವಕಾಶ ಬಿಚ್ಚು, ದುರುಗೇಶಣ್ಣ.”

ದುರುಗೇಶ ಸಬ್ಬಲನ್ನು ಸಂದಿಗಿಟ್ಟು ಮೀಟಿದ. ಹಲಗೆ ಕಳಚಿಕೊಂಡಿತು. ಒಂದೂ ತೂತಿರಲಿಲ್ಲ. ಮರದ ಎಳೆ, ಗಂಟು, ಮೊಳೆಯ ತಲೆ ಸಹ ಬೂದು ಗೋಡೆಯ ಮೇಲೆ ಅಚ್ಚಾಗಿದ್ದವು. ರಾಜಶ್ರೀ ಮರಳಿನ ಗುಡ್ಡೆಯ ಮೇಲೆ ಕೂತುಬಿಟ್ಟಳು.

ಅಮರಗುಂಡಪ್ಪ ಹತ್ತಿರ ಹೋಗಿ ಗಂಟಿನ ಗುರುತನ್ನು ಉಗುರಿನಿಂದ ಕೆರೆದರು. “ಇಲ್ಲಿ ಇನ್ನೊಂದು ಹಲಗಿ ಐತಲ್ಲೋ?”

“ಇಲ್ರೀ, ಅದು ಗೋಡಿನ ಐತಿ,” ಎಂದ ದುರುಗೇಶ.

ಅವರು ಅಂಗೈಯನ್ನು ಪೂರ್ತಿ ಇಟ್ಟು ನೋಡಿದರು. “ಇದನ್ನ ಮುಚ್ಚಿದ್ರ ಹೇಸಿ ಕಾಣತೈತಿ ಬಿಡು,” ಎಂದರು.

ಮಧ್ಯಾಹ್ನದ ಹೊತ್ತಿಗೆ ಸಿಮೆಂಟ್ ಚೀಲಗಳು ಹಿತ್ತಲಿನ ಕಾಂಪೌಂಡಿನ ಕೆಲಸಕ್ಕೆ ಹೋದವು.