ಎರಡು ಸೆಂಟಿಮೀಟರ್ ಎಣ್ಣೆ

ನಾಲ್ಕನೇ ಸಲ ಟ್ಯಾಂಕಿನ ಮೆಟ್ಟಿಲು ಹತ್ತಿ ಟೇಪು ಇಳಿಬಿಟ್ಟಾಗಲೂ ಎಣ್ಣೆಯ ಗುರುತು ಹನ್ನೊಂದು ಮೀಟರ್ ತೊಂಬತ್ತೆಂಟು ಸೆಂಟಿಮೀಟರಿಗೇ ನಿಂತಿತ್ತು. ಇರಬೇಕಾದದ್ದು ಹನ್ನೆರಡು ಮೀಟರ್. ಕಡಿಮೆ ಬಿದ್ದದ್ದು ಒಂದು ಬೆರಳಗಲವಷ್ಟೇ ಅನ್ನಿ. ಆದರೆ ಹತ್ತು ಮನೆ ಹಿಡಿಸುವಂಥ ಆ ಟ್ಯಾಂಕಿನಲ್ಲಿ ಬೆರಳಗಲವೆಂದರೆ ಹದಿನಾಲ್ಕು ಸಾವಿರ ಲೀಟರ್, ಒಂದು ಲಾರಿ ತುಂಬುವಷ್ಟು ಎಣ್ಣೆ.

ಟೇಪಿನ ತುದಿಯ ಹಿತ್ತಾಳೆ ಗುಂಡು ಮೂವತ್ತು ವರ್ಷದಿಂದ ಕೈ ಬಿಟ್ಟು ಹೋಗಿರಲಿಲ್ಲವಾದ್ದರಿಂದ, ಕಚ್ಚಾ ತೈಲದ ಆ ಡಿಪೋದಲ್ಲಿ ಟ್ಯಾಂಕು ಅಳೆಯುವ ಇವರಿಗೆ ಗುಂಡಣ್ಣ ಎಂದೇ ಹೆಸರು ಬಿದ್ದಿತ್ತು. ಹಿಂದಿನ ದಿನ ಮಂದ ಎಣ್ಣೆಗೆ ನೀರಿನಂಥ ತೆಳು ಎಣ್ಣೆ ಸುರಿದು ಬೆರೆಸಿದ್ದರು. ಇಂಥ ಬೆರಕೆ ಅಲ್ಲಿ ಅದೇ ಮೊದಲು. ಸುರಿಯುವ ಮೊದಲು ಎರಡನ್ನೂ ಬೇರೆಬೇರೆಯಾಗಿ ಅಳೆದು, ಕೂಡಿದರೆ ಹನ್ನೆರಡು ಮೀಟರ್ ಎಂದು ಬರೆದವರೂ ಗುಂಡಣ್ಣನೇ.

ಮ್ಯಾನೇಜರು ಕೂಗಾಡುವ ಮನುಷ್ಯರಲ್ಲ, ಕಷ್ಟ ಅದೇ. ಕಳುವಾಗಿದೆ ಅಂದರೆ ಪೊಲೀಸರು ಬರುತ್ತಾರೆ, ಕಣ್ಣು ತಪ್ಪಿತು ಅಂತ ಬರೆದುಕೊಟ್ಟರೆ ವಿಷಯ ಇಲ್ಲಿಗೇ ಮುಗಿಯುತ್ತದೆ ಎಂದು ಮೆಲ್ಲಗೆ ಹೇಳಿ ಕಾಗದ ಮುಂದಿಟ್ಟರು. ಕಣ್ಣು ತಪ್ಪುವವನ ಕೈಗೆ ನಾಳೆಯಿಂದ ಟೇಪು ಯಾರು ಕೊಡುತ್ತಾರೆ? ಕನ್ನಡಕ ಬದಲಿಸಿ ಎಂದು ಹೆಂಡತಿ ಮೂರು ತಿಂಗಳಿಂದ ಬಡಿದುಕೊಳ್ಳುತ್ತಿದ್ದದ್ದು ಗುಂಡಣ್ಣನಿಗೆ ನೆನಪಾಯಿತು. ಇದ್ದರೂ ಇರಬಹುದು ಅನ್ನಿಸಿತು. ಪೆನ್ನು ತೆಗೆದರು.

"ಬರೀಬೇಡಿ ಗುಂಡಣ್ಣ."

ಬಾಗಿಲಲ್ಲಿ ಲ್ಯಾಬಿನ ಹುಡುಗಿ ನಿಂತಿದ್ದಳು. ಕೆಲಸಕ್ಕೆ ಸೇರಿ ತಿಂಗಳೂ ಆಗಿರಲಿಲ್ಲ. ಟ್ಯಾಂಕಿನ ಮೇಲಿಂದ, ನಡುವಿನಿಂದ, ತಳದಿಂದ ಮೂರು ಬಾಟಲಿ ಎಣ್ಣೆ ತೆಗೆದು ಸಾಂದ್ರತೆ ನೋಡಿದ್ದಳಂತೆ. ಎರಡೂ ಎಣ್ಣೆಯ ಲೆಕ್ಕ ಕೂಡಿಸಿದರೆ ಸಾವಿರ ಲೀಟರಿಗೆ ಎಂಟುನೂರ ಐವತ್ತು ಕಿಲೋ ತೂಗಬೇಕಿತ್ತು. ಮೂರು ಬಾಟಲಿಯೂ ಒಂದೂವರೆ ಕಿಲೋದಷ್ಟು ಹೆಚ್ಚು ತೋರಿಸುತ್ತಿದ್ದವು. ಆ ತೂಕವನ್ನು ಗುಂಡಣ್ಣನ ಅಳತೆಯಿಂದ ಗುಣಿಸಿದ ಚೀಟಿಯನ್ನು ಮೇಜಿನ ಮೇಲಿಟ್ಟಳು. ಬೆರೆಸುವ ಮೊದಲು ಏಳು ಸಾವಿರದ ಇನ್ನೂರ ಹನ್ನೊಂದು ಟನ್. ಬೆರೆಸಿದ ಮೇಲೂ ಅಷ್ಟೇ.

"ಒಂದು ಹನಿಯೂ ಎಲ್ಲೂ ಹೋಗಿಲ್ಲ ಸರ್. ಡಬ್ಬಿ ತುಂಬ ಬಟಾಣಿ ಇದ್ರೂ ಮೇಲೆ ಸಾಸಿವೆ ಸುರಿದ್ರೆ ಸಂದಿಯಲ್ಲಿ ಇಳಿಯುತ್ತಲ್ಲ, ಹಾಗೆ ತೆಳು ಎಣ್ಣೆ ಮಂದ ಎಣ್ಣೆಯೊಳಗೆ ಇಳಿದುಬಿಟ್ಟಿದೆ. ಇವರ ಅಳತೆ ಒಂದು ಕೂದಲು ತಪ್ಪಿದ್ರೂ ಈ ಲೆಕ್ಕ ಕೂಡ್ತಿರಲಿಲ್ಲ."

ಮ್ಯಾನೇಜರು ಚೀಟಿಯನ್ನು ಎರಡು ಸಲ ಓದಿ, ಖಾಲಿ ಕಾಗದವನ್ನು ತಾವೇ ಮಡಚಿ ಜೇಬಿಗಿಟ್ಟುಕೊಂಡರು.

ಗುಂಡಣ್ಣನಿಗೆ ಹೋದ ಜೀವ ಬಂದಂತಾಯಿತು. ಆದರೂ ಮನೆಗೆ ಹೋಗದೆ ಐದನೇ ಸಲ ಮೆಟ್ಟಿಲು ಹತ್ತಿದರು, ಟೇಪಿಲ್ಲದೆ. ಹುಡುಗಿ ಹಿಂದೆಯೇ ಹತ್ತಿ ಬಂದಳು. ಕೆಳಗೆ ಎಣ್ಣೆ ಅಲುಗಾಡದೆ ಕಪ್ಪಗೆ ನಿಂತಿತ್ತು. ಒಂದು ಲಾರಿ ಎಣ್ಣೆ ಸದ್ದಿಲ್ಲದೆ ಅದರೊಳಗೇ ಕೂತಿದೆಯೆಂದರೆ ಅವರಿಗೆ ಮೈ ಜುಮ್ಮೆನ್ನುತ್ತಿತ್ತು.

"ಅಷ್ಟು ಜಾಗ ಇದರೊಳಗೆ ಮೊದಲಿಂದಲೂ ಇತ್ತೇನಮ್ಮ?"

"ಇತ್ತು ಗುಂಡಣ್ಣ."

ಅವರು ಸಾಲಾಗಿ ನಿಂತ ಉಳಿದ ಟ್ಯಾಂಕುಗಳನ್ನು ಒಂದೊಂದಾಗಿ ನೋಡಿದರು.

"ಮೂವತ್ತು ವರ್ಷ ಎಲ್ಲದರ ಮುಂದೆಯೂ 'ತುಂಬಿದೆ' ಅಂತ ಬರೀತಾ ಬಂದೆನಲ್ಲ."