ತೇಪೆ ಹಾಕಿದವನು

ಮೊದಲ ಏಟು ಫೋನಿಗೆ ಬಿತ್ತು, ಎರಡನೆಯದು ಎಡಗೈಗೆ.

ಕಬ್ಬಿಣದ ಸರಳು ಮೇಜಿನಿಂದ ಮೇಲೆದ್ದಾಗ, ತೇಪೆ ಎಂಬ ಅಡ್ಡಹೆಸರಿನವನ ಕಿರುಬೆರಳು ತಿರುಗಬಾರದ ದಿಕ್ಕಿಗೆ ತಿರುಗಿತ್ತು. ಅವನು ಕಿರುಚಿದ. ಬೆಳಗಿನ ಹನ್ನೊಂದು ಗಂಟೆ. ಕೆಳಮಹಡಿಯ ಬಡಗಿ ಗರಗಸದ ಯಂತ್ರ ಹಾಕಿಕೊಂಡು ಹಲಗೆ ಸೀಳುತ್ತಿದ್ದ. ಆ ಗದ್ದಲದಲ್ಲಿ ಕೂಗು ಯಾರ ಕಿವಿಗೂ ಬೀಳಲಿಲ್ಲ.

“ಇದು ನೀನೇ ತಾನೇ?” ಬಂದವನು ಒಂದು ಹಾಳೆಯನ್ನು ಅವನ ಮೂಗಿಗೆ ತಾಗುವಂತೆ ಹಿಡಿದ.

ಹೌದು, ಅವನೇ. ಅಂತರ್ಜಾಲದಲ್ಲಿ ಅಂಗಡಿ ತೆರೆಯುವವರಿಗೆ ಪುಕ್ಕಟೆ ಸಿಗುವ ತಂತ್ರಾಂಶವೊಂದಿದೆ. ಯಾರು ಬೇಕಾದರೂ ಬಳಸಬಹುದು, ಯಾರು ಬೇಕಾದರೂ ತಿದ್ದಬಹುದು. ಅದನ್ನು ಕಟ್ಟುವವರಿಗೆಲ್ಲ ಪ್ರತಿ ಸೋಮವಾರ ಒಂದು ಸುದ್ದಿಪತ್ರ ಬರುತ್ತದೆ. ಕಂಡ ತೂತಿಗೆಲ್ಲ ತೇಪೆ ಹಾಕುತ್ತಾನೆಂದು ಗೆಳೆಯರು ಅವನನ್ನು ತೇಪೆ ಎಂದೇ ಕರೆಯುತ್ತಿದ್ದರು. ಈ ಸೋಮವಾರ ಅವನ ನಗುಮುಖದ ಫೋಟೊ ಮೊದಲ ಪುಟದಲ್ಲಿತ್ತು, ಕಚೇರಿಯ ವಿಳಾಸದ ಸಮೇತ. ಈ ಜನರ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ತೂತು ಎಲ್ಲಿತ್ತು, ಪೆಟ್ಟು ಯಾರಿಗಾಯಿತು, ಮುಚ್ಚಿದ್ದು ಯಾರು, ಎಲ್ಲವನ್ನೂ ಡಂಗುರ ಸಾರಿದ ಮೇಲೇ ಅವರಿಗೆ ನಿದ್ದೆ ಬರುವುದು.

ಈ ಸಲದ ಸುದ್ದಿ ಇದು. ಬಿಲ್ಲಿನ ಪುಟದಲ್ಲಿ ಆರ್ಡರಿನ ಸಂಖ್ಯೆ ಬದಲಿಸಿದರೆ ಬೇರೆಯವರ ಬಿಲ್ಲು ತೆರೆದುಕೊಳ್ಳುತ್ತಿತ್ತು, ಮನೆಯ ವಿಳಾಸದೊಂದಿಗೆ. ಹೊಡೆತ ತಾಳಲಾರದೆ ಗಂಡನನ್ನು ಬಿಟ್ಟು ಅಡಗಿದ್ದ ಒಬ್ಬಾಕೆಯ ಬಿಲ್ಲು ಹಾಗೆ ಆ ಗಂಡನ ಕಣ್ಣಿಗೆ ಬಿತ್ತು. ಅವನು ಹುಡುಕಿಕೊಂಡು ಹೋಗಿ ಆಕೆಯ ಎರಡೂ ಕೈ ಮುರಿದ. ಆಕೆ ಸಾಮಾನು ಕೊಂಡಿದ್ದ ಅಂಗಡಿಯ ಪೂರ್ತಿ ನಕಲನ್ನು ತನ್ನ ಕಂಪ್ಯೂಟರಿನಲ್ಲಿ ಇಟ್ಟುಕೊಂಡು, ಹತ್ತು ದಿನ ಒದ್ದಾಡಿ, ತೇಪೆ ಆ ತೂತು ಮುಚ್ಚಿದ್ದ.

“ಆ ಸಾಲಿನ ಪಕ್ಕ ನಿನ್ನ ಹೆಸರಿದೆ. ನೋಡ್ಕೊಂಡೇ ಬಂದಿದೀನಿ,” ಎಂದ ಬಂದವನು.

ಅಲ್ಲಿಗೆ ತೇಪೆಗೆ ಅರ್ಥವಾಯಿತು. ತಂತ್ರಾಂಶದ ಪ್ರತಿ ಸಾಲಿನ ಪಕ್ಕದಲ್ಲಿ ಅದನ್ನು ಕೊನೆಗೆ ಮುಟ್ಟಿದವರ ಹೆಸರಿರುತ್ತದೆ. ಹೊರಗಿನವರು ಅವರನ್ನೇ ಬರೆದವರೆಂದು ತಿಳಿಯುತ್ತಾರೆ. ಯಾರೋ ಮಾಡಿದ ತಪ್ಪಿಗೆ ಅವನಿಗೆ ಹಿಂದೆಯೂ ಬೈಗುಳದ ಪತ್ರಗಳು ಬಂದಿದ್ದವು, ಆದರೆ ಸರಳು ಹಿಡಿದು ಯಾರೂ ಬಂದಿರಲಿಲ್ಲ.

“ಅಯ್ಯೋ, ತೂತು ಮಾಡಿದ್ದು ನಾನಲ್ಲಪ್ಪಾ! ನಾನು ಮುಚ್ಚಿದವನು!”

ಸರಳು ಮೊಣಕೈಗೆ ಬಿತ್ತು. ತೇಪೆ ಕುರ್ಚಿಯೊಂದಿಗೇ ಉರುಳಿದ. ಬಂದವನು ಕೊರಳಪಟ್ಟಿ ಹಿಡಿದು ಎತ್ತಿ ಕೂರಿಸಿದ. ಅವನ ಕಣ್ಣಲ್ಲಿ ನೀರಿತ್ತು.

“ನೀವು ಅವರ ಅಣ್ಣ ಇರ್ಬೇಕು. ನನಗೂ ತಂಗಿ ಇದಾಳೆ. ನಿಮ್ಮ ಸಂಕಟ ಗೊತ್ತಾಗುತ್ತೆ,” ಎಂದು ತೇಪೆ ತೊದಲಿದ.

“ಏನು ಗೊತ್ತಾಗುತ್ತೆ ನಿಂಗೆ? ಅವಳು ಹೋದಾಗಿಂದ ಒಂದು ತುತ್ತು ಗಂಟಲಲ್ಲಿ ಇಳಿದಿಲ್ಲ. ನನ್ನಷ್ಟು ಅವಳನ್ನ ಪ್ರೀತಿ ಮಾಡಿದವರು ಈ ಭೂಮಿ ಮೇಲೆ ಯಾರೂ ಇಲ್ಲ.”

“ಹಾಗಾದ್ರೆ ಅವಳ ಗಂಡನ್ನ ಹುಡುಕಿ! ಕೈ ಮುರಿದ ಆ ಹೇಡಿ ನನ್ಮಗನಿಗೆ ಹೊಡೀರಿ!”

ಈ ಏಟು ದವಡೆಗೆ. ಎರಡು ಹಲ್ಲು ಕೀಲಿಮಣೆಯ ಮೇಲೆ ಬಿದ್ದವು, ಅವುಗಳ ಹಿಂದೆ ರಕ್ತ. ದುಃಖಕ್ಕೆ ಕಣ್ಣಿಲ್ಲ ಎಂದುಕೊಂಡ ತೇಪೆ. ಆ ಸ್ಥಿತಿಯಲ್ಲೂ ಅವನಿಗೆ ಎದುರಿದ್ದವನ ಮೇಲೆ ಮರುಕ ಹುಟ್ಟಿತು. ಉಳಿದ ಒಂಬತ್ತು ಬೆರಳು ಮಾತ್ರ ಅವನಿಗೆ ಬೇಕಿತ್ತು. ಅವೇ ಅವನ ಅನ್ನ.

“ಬಾಯಿಮಾತು ಬೇಡ,” ಎಂದ ಬಂದವನು. “ತೋರ್ಸು. ಮೊದ್ಲು ಹೇಗಿತ್ತು, ಈಗ ಹೇಗಿದೆ. ಅವಳದೇ ಬಿಲ್ಲು ತೆಗೆದು ತೋರ್ಸು. ಸುಳ್ಳು ಹೇಳಿದ್ರೆ ಆ ಕೈನೂ ಹೋಗುತ್ತೆ.”

ತೇಪೆಗೆ ಹೋದ ಜೀವ ಬಂದಂತಾಯಿತು. ಪುರಾವೆ ಕೇಳಿದರೆ ಈ ಜನ ಸಾಯುವ ಹೊತ್ತಿನಲ್ಲೂ ಎದ್ದು ಕೂರುತ್ತಾರೆ. ಗಿರಾಕಿಗಳ ನಿಜವಾದ ವಿವರ ಅಳಿಸದೆ ಅಂಗಡಿಯ ನಕಲು ಇಟ್ಟುಕೊಳ್ಳಬಾರದೆಂದು ಹೊಸಬರಿಗೆ ಪಾಠ ಹೇಳುತ್ತಿದ್ದವನು ಅವನೇ. ಹೇಳುವುದು ಪುರಾಣ, ತಿನ್ನುವುದು ಬದನೆಕಾಯಿ. ನಕಲು ಅಲ್ಲೇ ಇತ್ತು, ಒಂದು ಹೆಸರೂ ಅಳಿಸಿರಲಿಲ್ಲ.

ಬಲಗೈಯಲ್ಲಿ ಹೊಸ ಆವೃತ್ತಿ ತೆರೆದು ಆಕೆಯ ಕೊನೆಯ ಆರ್ಡರಿನ ಸಂಖ್ಯೆ ಒತ್ತಿದ. ‘ಈ ಪುಟ ನೋಡಲು ನಿಮಗೆ ಅನುಮತಿ ಇಲ್ಲ’ ಎಂದು ಬಂತು.

“ನೋಡಿ. ಮುಚ್ಚಿದೀನಿ.”

“ಹಳೇದು?”

ಹಳೆಯ ಆವೃತ್ತಿ ತೆರೆದು ಅದೇ ಸಂಖ್ಯೆ ಒತ್ತಿದ. ಪುಟ ತೆರೆದುಕೊಂಡಿತು. ಆಕೆಯ ಹೆಸರು. ಒಂದು ಉಣ್ಣೆಯ ಕಂಬಳಿ, ಉಚಿತ. ಆಕೆಗಾದ ಗತಿ ಕೇಳಿ ಮನಸ್ಸು ತಡೆಯದೆ ಅಂಗಡಿಯ ಒಡತಿ, ಆಕೆ ಮತ್ತೆ ಅಡಗಿದ್ದ ಹೊಸ ಮನೆಗೆ ಕಳಿಸಿದ್ದು. ಅದರ ಕೆಳಗೆ ಬೀದಿ, ಮನೆಯ ಸಂಖ್ಯೆ, ಮೂರನೇ ಮಹಡಿ, ಬಲಗಡೆಯ ಬಾಗಿಲು.

“ಮೊದಲು ಹೀಗೆ ಕಾಣಿಸ್ತಿತ್ತು. ಈಗ ಯಾರಿಗೂ ಕಾಣಲ್ಲ. ಇದೇ ನಾನು ಮಾಡಿದ್ದು, ದೇವರಾಣೆ.”

ಬಂದವನು ಬಗ್ಗಿದ. ತುಟಿ ಅಲ್ಲಾಡಿಸುತ್ತಾ ಎರಡು ಸಲ ಓದಿದ. ಅವನ ಉಸಿರು ತಹಬಂದಿಗೆ ಬಂತು.

“ನಿಜಾನೇ ಹೇಳಿದೀಯ,” ಎಂದ. ಆಮೇಲೆ ಸರಳೆತ್ತಿ ಕಂಪ್ಯೂಟರಿನ ಮೇಲೆ ಬಡಿದ. ಮತ್ತೆ ಬಡಿದ. ಪರದೆ ಚೂರಾಯಿತು, ಪೆಟ್ಟಿಗೆ ಬಾಯಿಬಿಟ್ಟಿತು. “ಇನ್ಯಾರ ಕಣ್ಣಿಗೂ ಇದು ಬೀಳಬಾರ್ದು.”

ಅದೂ ನ್ಯಾಯವೇ ಅನ್ನಿಸಿತು ತೇಪೆಗೆ. ಸತ್ಯಕ್ಕೆ ಸಾವಿಲ್ಲ ಎಂದು ಅವನಮ್ಮ ಸುಮ್ಮನೆ ಹೇಳುತ್ತಿರಲಿಲ್ಲ. ಬದುಕಿಕೊಂಡೆ ಎಂಬ ಸಂತೋಷಕ್ಕೆ ಅವನು ಗಳಗಳ ಅತ್ತ. ಬಂದವನು ಸರಳನ್ನು ಕೋಟಿನೊಳಗೆ ಸಿಕ್ಕಿಸಿಕೊಂಡು ಬಾಗಿಲು ದಾಟಿದ.

“ನಿಮ್ಮ ತಂಗಿಗೆ ಹೇಳಿ,” ಎಂದು ತೇಪೆ ರಕ್ತ ಉಗುಳುತ್ತಾ ಕೂಗಿದ, “ನಮ್ಮೆಲ್ಲರ ಪರವಾಗಿ ಕ್ಷಮೆ ಕೇಳ್ದೆ ಅಂತ.”

“ಅವಳಿಗೆ ಒಡಹುಟ್ಟಿದವರು ಯಾರೂ ಇಲ್ಲ,” ಎಂದ ಅವಳ ಗಂಡ, ಹೊರಗಿನಿಂದ ಚಿಲಕ ಹಾಕುತ್ತಾ.