ಐದನೆಯ ಯಾಕೆ

“ಮೂಕಣ್ಣನ ಕೈಯಾಗಿಂದ ಗಾಡಿ ಕೀಲಿ ಇಸ್ಕೊಳ್ರಿ. ನಾಳಿಂದ ಅವ್ನು ಬರೂದು ಬ್ಯಾಡ,” ಎಂದರು ಲಾರಿ, ಗ್ಯಾರೇಜು ಎರಡರ ಧಣಿ ಕೊಟ್ರಯ್ಯ. ಡ್ರೈವರ್ ಮೂಕಣ್ಣ ಒಂದೇ ತಿಂಗಳಲ್ಲಿ ಮೂರನೆಯ ಸಲ ಲಾರಿಯ ಭಾರ ಹೊರುವ ಸ್ಪ್ರಿಂಗ್ ಪಟ್ಟಿ ಮುರಿದುಕೊಂಡು ಬಂದಿದ್ದ. ಸಂಡೂರಿನ ಅದಿರು ತುಂಬಿದ ಲಾರಿ ಗ್ಯಾರೇಜಿನ ಬಾಗಿಲಲ್ಲೇ ಒಂದು ಮಗ್ಗುಲಿಗೆ ಕುಸಿದು ನಿಂತಿತ್ತು.

ಹೆಡ್ ಮೆಕ್ಯಾನಿಕ್ ಗಾದಿಲಿಂಗಪ್ಪ ಕೈ ಒರೆಸಿಕೊಂಡು ಎದ್ದ. ಇವನೇನು ಸಾಮಾನ್ಯ ಆಸಾಮಿಯಲ್ಲ. ಸಂಡೂರಿನ ಘಾಟಿಯಲ್ಲಿ ನಟ್ಟು ಸಡಿಲಾದರೆ, ಹೊಸಪೇಟೆಯಲ್ಲಿ ಊಟಕ್ಕೆ ಕೂತವನು ಎಡಗಾಲಿಯದೋ ಬಲಗಾಲಿಯದೋ ಎಂದು ತುತ್ತು ಬಾಯಲ್ಲಿಟ್ಟುಕೊಂಡೇ ಹೇಳಿಬಿಡುತ್ತಿದ್ದ. ಆ ವರ್ಷ ಅವನು ಬದಲಿಸಿದ ಪಟ್ಟಿಗಳನ್ನು ಪೇರಿಸಿದ್ದರೆ ಜಂಬುನಾಥನ ಗುಡ್ಡವೇ ನಾಚಿ ಕುಳ್ಳಗಾಗುತ್ತಿತ್ತು. ಮೂಕಣ್ಣ ಲಾರಿಯನ್ನು ಹಸುಗೂಸಿನಂತೆ ನಡೆಸುವವನು. ಅವನ ಕೆಲಸ ಹೋಗಲು ಬಿಡುವುದಿಲ್ಲವೆಂದು ಗಾದಿಲಿಂಗಪ್ಪ ಹಲ್ಲು ಕಚ್ಚಿದ.

ಪುಣ್ಯಕ್ಕೆ ಅಂದೇ ಗ್ಯಾರೇಜಿನವರಿಗೆ ತರಬೇತಿ ಇತ್ತು. ಗ್ಯಾರೇಜು ಸುಧಾರಿಸಿದೆ ಎಂಬ ಸರ್ಟಿಫಿಕೇಟ್ ಇಲ್ಲದವರ ಲಾರಿ ಒಳಗೆ ಬಿಡುವುದಿಲ್ಲವೆಂದು ಅದಿರು ಕೊಳ್ಳುವ ಕಂಪನಿ ಹೇಳಿತ್ತು. ಅದನ್ನು ಕೊಡಲು ಬಂದಿದ್ದ ಈಶ್ವರ್ ಮೇಷ್ಟ್ರು ಹಲಗೆ ನಿಲ್ಲಿಸಿದರು. “ಜಪಾನಿನವರು ಏನೇ ಕೆಟ್ಟರೂ ಮೊದಲು ಮನುಷ್ಯನ್ನ ಬಯ್ಯೋದಿಲ್ಲ. ಯಾಕೆ ಅಂತ ಐದು ಸಲ ಕೇಳ್ತಾರೆ. ಐದನೇ ಉತ್ತರದಲ್ಲಿ ಬೇರು ಸಿಗುತ್ತೆ. ಒಂದು ತೊಂದರೆ ಹಿಡಿದು ಐದನ್ನೂ ಬರೀರಿ. ಫೋಟೋ ತೆಗೆದು ಕಂಪನಿಗೆ ಕಳಿಸ್ತೀನಿ.”

ಗಾದಿಲಿಂಗಪ್ಪ ಸೀಮೆಸುಣ್ಣ ಕಸಿದುಕೊಂಡ. “ಮೂಕಣ್ಣ, ಪಟ್ಟಿ ಯಾಕ ಮುರೀತಲೇ?”

“ಗುಂಡ್ಯಾಗ ಬಿತ್ತು.”

“ಗುಂಡಿ ಯಾಕ ಬಿತ್ತು?”

“ರಸ್ತೆ ಭಾರ ತಡೀಲಿಲ್ಲ.”

“ಯಾಕ ತಡೀಲಿಲ್ಲ?”

“ಹದಿನಾರು ಟನ್ ಹೊರೋ ಲಾರ್ಯಾಗ ಇಪ್ಪತ್ತೆಂಟು ಹಾಕ್ತೀವಲ್ಲಪ್ಪಾ.”

“ಯಾಕ ಹಾಕ್ತೀ? ನಿನಗೇನ್ ಹುಚ್ಚ?”

“ಕಮ್ಮಿ ಹಾಕಿದ್ರ ಗಾಡಿ ಎಬ್ಬಿಸಬ್ಯಾಡ ಅಂತ ಆರ್ಡರ್ ಐತಿ.”

ನಾಲ್ಕೂ ಉತ್ತರ ಹಲಗೆ ಏರಿದವು. ಗ್ಯಾರೇಜು ಎಷ್ಟು ಸುಮ್ಮನಾಯಿತೆಂದರೆ ದರೋಜಿ ಕಾಡಿನ ಕರಡಿ ಆಕಳಿಸಿದ್ದೂ ಕೇಳಿಸಿತು.

“ನಾಕು ಸಾಕು ಬಿಡ್ರಿ ಮೇಷ್ಟ್ರ, ನಮ್ ಹುಡುಗ್ರು ಭಾಳ ಶಾಣ್ಯಾ ಅದಾರ,” ಎಂದರು ಧಣಿ.

“ಐದು ಬೇಕು ಸರ್. ನಾಲ್ಕಕ್ಕೆ ಸರ್ಟಿಫಿಕೇಟ್ ಬರೋದಿಲ್ಲ.”

ಆರ್ಡರ್ ಯಾಕ ಐತಿ ಎಂಬುದೇ ಐದನೆಯ ಪ್ರಶ್ನೆ. ಧಣಿಯ ಎದುರು ಮೂಕಣ್ಣ ಅದನ್ನು ಹೇಳಲಾರ. ಹಿಂದಿನ ಬೆಂಚಿನವರಿಗೂ ಕಾಣುವ ಹಾಗೆ ಗಾದಿಲಿಂಗಪ್ಪ ತಾನೇ ಬರೆದ: ಏಳು ಟ್ರಿಪ್ಪಿನ ಮಾಲು ಧಣಿಗೆ ನಾಕೇ ಟ್ರಿಪ್ಪಿನಾಗ ಬೇಕು.

ಮೇಷ್ಟ್ರು ಕ್ಯಾಮೆರಾ ಎತ್ತಿದರು. ಧಣಿ ಎದ್ದು ಬಂದು ಅದರ ಮುಂದೆ ಅಡ್ಡ ನಿಂತರು. ಬೆಳಿಗ್ಗೆ ಇಸಿದುಕೊಂಡಿದ್ದ ಕೀಲಿಯನ್ನು ಜೇಬಿನಿಂದ ತೆಗೆದು ಮೂಕಣ್ಣನ ಕೈಗೆ ಹಾಕಿದರು.

“ಅವ್ನು ಇರ್ಲಿ. ಆದ್ರ ಆ ಐದನೇದು ಒರೆಸಲೇ, ಗಾದಿಲಿಂಗ. ಬ್ಯಾರೆ ಏನರ ಬರಿ.”

ಮೂಕಣ್ಣ ಖುಷಿಯಲ್ಲಿ ಹಲಗೆ ಒರೆಸಲು ಬಟ್ಟೆ ಎತ್ತಿಕೊಂಡು ಓಡಿಬಂದ. ಗಾದಿಲಿಂಗಪ್ಪ ಅವನ ಕೈ ತಡೆದು, ಬಾಗಿಲ ಕಡೆ ತಿರುಗಿ ಕುಸಿದ ಲಾರಿ ತೋರಿಸಿದ.

“ಒರೆಸ್ತೀನ್ರಿ ಧಣಿ. ಮದ್ಲು ಅದರಾಗಿನ ಹೆಚ್ಚಿಗಿ ಹನ್ನೆರಡು ಟನ್ ಇಳಿಸ್ರಿ.”